ಕೀಲು ಬದಲಾವಣೆ ಶಸ್ತ್ರಚಿಕಿತ್ಸೆ: ಆಸ್ಪತ್ರೆಗಳ ಫಲಿತಾಂಶವನ್ನು ಹೋಲಿಸಿ ನೋಡುವ ಬಗೆ

ಸೊಂಟದ ಅಥವಾ ಮಂಡಿಯ ಕೀಲನ್ನು ಬದಲಾಯಿಸಬೇಕೆಂದು ವೈದ್ಯರು ಹೇಳಿದ ಮೇಲೆ ಮನೆಮಂದಿಯನ್ನು ಕಾಡುವ ಮೊದಲ ಪ್ರಶ್ನೆ, ಎಲ್ಲಿ ಮಾಡಿಸುವುದು ಎಂಬುದು. ಪರಿಚಯದವರು ಒಂದು ಹೆಸರು ಹೇಳುತ್ತಾರೆ, ಜಾಹೀರಾತು ಇನ್ನೊಂದನ್ನು ಹೇಳುತ್ತದೆ, ಒಬ್ಬರ ಆಪರೇಷನ್ ಕೆಟ್ಟಿತೆಂಬ ಸುದ್ದಿ ಮೂರನೆಯದರ ಮೇಲಿನ ನಂಬಿಕೆಯನ್ನು ಅಲುಗಿಸುತ್ತದೆ. ಆಸ್ಪತ್ರೆ ಆಸ್ಪತ್ರೆಗಳ ನಡುವೆ ಫಲಿತಾಂಶದಲ್ಲಿ ವ್ಯತ್ಯಾಸ ಇರುವುದು ನಿಜ. ಆದರೆ ಕಣ್ಣಿಗೆ ಬೀಳುವ ವ್ಯತ್ಯಾಸದಲ್ಲಿ ಒಂದು ಪಾಲು ಆಕಸ್ಮಿಕ, ಒಂದು ಪಾಲು ಅಲ್ಲಿಗೆ ಬರುವ ರೋಗಿಗಳ ಸ್ಥಿತಿಯಿಂದ ಬಂದದ್ದು, ಉಳಿದದ್ದು ಮಾತ್ರ ಆಸ್ಪತ್ರೆಯ ಕೆಲಸದ ಗುಣದಿಂದ ಬಂದದ್ದು. ಈ ಮೂರನ್ನು ಬೇರ್ಪಡಿಸಿ ನೋಡುವುದು ಹೇಗೆ ಎಂಬುದನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ. ಇದಕ್ಕೆ ಗಣಿತದ ಪಾಂಡಿತ್ಯ ಬೇಕಿಲ್ಲ. ಭಾಗಾಕಾರ ಗೊತ್ತಿದ್ದರೆ ಸಾಕು.

ಮೊದಲ ಹಂತ: 'ಒಳ್ಳೆಯ ಫಲಿತಾಂಶ' ಎಂದರೆ ಯಾವುದು ಎಂದು ಬಿಡಿಸಿಕೊಳ್ಳಿ

ಒಂದು ಆಸ್ಪತ್ರೆ ತನ್ನ ಯಶಸ್ಸು ನೂರಕ್ಕೆ 98 ಎಂದು ಹೇಳಿಕೊಂಡರೆ, ಆ 98 ಯಾವುದರ ಲೆಕ್ಕ ಎಂದು ಮೊದಲು ಕೇಳಬೇಕು. ರೋಗಿ ಬದುಕಿ ಮನೆಗೆ ಹೋದದ್ದೇ? ಸೋಂಕು ತಗುಲದೆ ಇದ್ದದ್ದೇ? ಹತ್ತು ವರ್ಷದ ನಂತರವೂ ಅದೇ ಕೃತಕ ಕೀಲು ಉಳಿದದ್ದೇ? ನೋವು ಹೋಗಿ ಮೆಟ್ಟಿಲು ಹತ್ತುವಂತಾದದ್ದೇ? ಇವು ನಾಲ್ಕು ಬೇರೆ ಬೇರೆ ಸಂಗತಿಗಳು. ಒಂದರಲ್ಲಿ ಮುಂದಿರುವ ಆಸ್ಪತ್ರೆ ಇನ್ನೊಂದರಲ್ಲಿ ಹಿಂದಿರಬಹುದು.

ಮೊದಲನೆಯ ಗುಂಪು ಆಪರೇಷನ್ನಿನ ಆಸುಪಾಸಿನ ತೊಡಕುಗಳದು: ಸಾವು, ಹೃದಯಾಘಾತ, ನ್ಯುಮೋನಿಯಾ, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು, ಗಾಯದಿಂದ ರಕ್ತಸ್ರಾವ, ಸೋಂಕು, ಸೊಂಟದ ಕೀಲು ಜಾರುವುದು. ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ವ್ಯವಸ್ಥೆ ಆಸ್ಪತ್ರೆಗಳನ್ನು ಅಳೆಯುವಾಗ ಈ ತೊಡಕುಗಳಿಗೆ ಒಂದೇ ಗಡುವನ್ನು ಇಟ್ಟಿಲ್ಲ ಎಂಬುದನ್ನು ಗಮನಿಸಬೇಕು. ಹೃದಯಾಘಾತ, ನ್ಯುಮೋನಿಯಾ ಮತ್ತು ರಕ್ತದ ನಂಜನ್ನು 7 ದಿನಗಳವರೆಗೆ, ರಕ್ತಸ್ರಾವ, ಶ್ವಾಸಕೋಶದ ಹೆಪ್ಪು ಹಾಗೂ ಸಾವನ್ನು 30 ದಿನಗಳವರೆಗೆ, ಕೀಲಿನ ಯಾಂತ್ರಿಕ ತೊಂದರೆ ಮತ್ತು ಕೀಲಿನ ಅಥವಾ ಗಾಯದ ಸೋಂಕನ್ನು 90 ದಿನಗಳವರೆಗೆ ಅದು ಎಣಿಸುತ್ತದೆ. ಆಪರೇಷನ್ನಿಗೂ ತೊಡಕಿಗೂ ಇರುವ ನಂಟು ಒಂದೊಂದರಲ್ಲಿ ಒಂದೊಂದು ಅವಧಿಯವರೆಗೆ ನಂಬಬಹುದಾದದ್ದು ಎಂಬುದೇ ಇದಕ್ಕೆ ಕಾರಣ. ಡಿಸ್ಚಾರ್ಜ್ ಆಗುವವರೆಗೆ ಮಾತ್ರ ಎಣಿಸುವ ಆಸ್ಪತ್ರೆಯ ಸೋಂಕಿನ ಲೆಕ್ಕ ಸಹಜವಾಗಿಯೇ ಸೊನ್ನೆಯ ಹತ್ತಿರ ಇರುತ್ತದೆ. ರೋಗಿ ಮೂರನೆಯ ದಿನ ಮನೆಗೆ ಹೋಗಿ, ಮೂರನೆಯ ವಾರ ಗಾಯದಿಂದ ಕೀವು ಸೋರಿದರೆ ಅದು ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಎರಡನೆಯದು ಕೀಲಿನ ಬಾಳಿಕೆ. ವೈದ್ಯರು ರಿವಿಷನ್ ಎಂದು ಕರೆಯುವ ಮರುಶಸ್ತ್ರಚಿಕಿತ್ಸೆ, ಅಂದರೆ ಹಾಕಿದ ಕೀಲಿನ ಒಂದು ಭಾಗವನ್ನೋ ಇಡಿಯನ್ನೋ ತೆಗೆದು ಬೇರೆ ಹಾಕುವುದು, ಎಷ್ಟು ಜನರಿಗೆ ಎಷ್ಟು ವರ್ಷದೊಳಗೆ ಬೇಕಾಯಿತು ಎಂಬುದು ಇದರ ಅಳತೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ದೀರ್ಘಕಾಲದ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿದಾಗ, 25 ವರ್ಷಗಳ ನಂತರ ಸೊಂಟದ ಕೃತಕ ಕೀಲುಗಳಲ್ಲಿ ನೂರಕ್ಕೆ ಸುಮಾರು 58, ಮಂಡಿಯ ಪೂರ್ಣ ಕೀಲುಗಳಲ್ಲಿ ಸುಮಾರು 82, ಮಂಡಿಯ ಒಂದು ಬದಿಯನ್ನು ಮಾತ್ರ ಬದಲಾಯಿಸಿದವುಗಳಲ್ಲಿ ಸುಮಾರು 70 ಉಳಿದಿದ್ದವು. ಇವು ಕಾಲು ಶತಮಾನದ ಹಿಂದೆ ಹಾಕಿದ ಕೀಲುಗಳ ಅಂಕಿಗಳು. ಇಂದು ಹಾಕುವ ಕೀಲುಗಳಿಂದ ನಿರೀಕ್ಷೆ ಹೆಚ್ಚು. ಯಾವ ಚಿಕಿತ್ಸೆ ಬಳಸಬೇಕೆಂದು ಸಾರ್ವಜನಿಕ ಆರೋಗ್ಯ ವ್ಯವಸ್ಥೆಗೆ ಸಲಹೆ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ 2014ರಲ್ಲಿ ಹತ್ತು ವರ್ಷದಲ್ಲಿ ನೂರಕ್ಕೆ 5 ಅಥವಾ ಅದಕ್ಕಿಂತ ಕಡಿಮೆ ಮರುಶಸ್ತ್ರಚಿಕಿತ್ಸೆ ಇರುವ ಸೊಂಟದ ಕೀಲುಗಳನ್ನು ಮಾತ್ರ ಶಿಫಾರಸು ಮಾಡಿತು; ಅದಕ್ಕೆ ಹಿಂದಿನ ಮಿತಿ ನೂರಕ್ಕೆ 10 ಆಗಿತ್ತು.

ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲರೂ ಕೇಳಬೇಕಾದದ್ದು ಮತ್ತು ಬಹುಮಂದಿ ಕೇಳದೆ ಬಿಡುವುದು: ರೋಗಿಗೆ ಏನು ಅನಿಸಿತು? ಎಕ್ಸ್‌ರೇಯಲ್ಲಿ ಕೀಲು ಅಚ್ಚುಕಟ್ಟಾಗಿ ಕೂತಿರಬಹುದು, ಸೋಂಕು ಇಲ್ಲದಿರಬಹುದು, ಆದರೂ ರಾತ್ರಿ ನೋವಿಗೆ ಎಚ್ಚರವಾಗುತ್ತಿರಬಹುದು. ಮಂಡಿಯ ಕೀಲು ಬದಲಾಯಿಸಿಕೊಂಡವರಲ್ಲಿ ಹೆಚ್ಚು ಕಡಿಮೆ ಐದರಲ್ಲಿ ಒಬ್ಬರು ಫಲಿತಾಂಶದಿಂದ ಪೂರ್ತಿ ತೃಪ್ತರಾಗಿರುವುದಿಲ್ಲ ಎಂದು ಹಲವು ದೇಶಗಳ ಸಮೀಕ್ಷೆಗಳು ಮತ್ತೆ ಮತ್ತೆ ಹೇಳಿವೆ. ಸೊಂಟದ ವಿಷಯದಲ್ಲಿ ಅತೃಪ್ತರ ಸಂಖ್ಯೆ ಇದಕ್ಕಿಂತ ಕಡಿಮೆ. ಇದನ್ನು ಅಳೆಯಲು ಆಕ್ಸ್‌ಫರ್ಡ್ ಪ್ರಶ್ನಾವಳಿ ಎಂಬುದೊಂದಿದೆ. ಅದರಲ್ಲಿ 12 ಪ್ರಶ್ನೆಗಳು, ಪ್ರತಿಯೊಂದಕ್ಕೂ 0ಯಿಂದ 4 ಅಂಕ, ಒಟ್ಟು 48. ಮಂಡಿಯ ಪ್ರಶ್ನಾವಳಿ ಕೇಳುವುದು ಇಂಥವನ್ನು: ನೆಲಕ್ಕೆ ಮಂಡಿಯೂರಿ ಮತ್ತೆ ಏಳಲು ಆಗುತ್ತದೆಯೇ, ಮೆಟ್ಟಿಲು ಇಳಿಯಲು ಆಗುತ್ತದೆಯೇ, ನಡೆಯುವಾಗ ಮಂಡಿ ಇದ್ದಕ್ಕಿದ್ದಂತೆ ಕೈಕೊಡುತ್ತದೆ ಎನಿಸುತ್ತದೆಯೇ, ಹಾಸಿಗೆಯಲ್ಲಿ ನೋವು ಕಾಡುತ್ತದೆಯೇ. ಸೊಂಟದ್ದು ಕಾಲುಚೀಲ ಹಾಕಿಕೊಳ್ಳಲು ಆಗುತ್ತದೆಯೇ ಎಂದೂ ಕೇಳುತ್ತದೆ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ವ್ಯವಸ್ಥೆ 2009ರ ಏಪ್ರಿಲ್‌ನಿಂದ ಸೊಂಟ ಮತ್ತು ಮಂಡಿ ಶಸ್ತ್ರಚಿಕಿತ್ಸೆಯ ಎಲ್ಲ ರೋಗಿಗಳಿಗೂ ಆಪರೇಷನ್ನಿಗೆ ಮೊದಲೂ ಅನಂತರವೂ ಇಂಥ ಪ್ರಶ್ನಾವಳಿ ಕೊಡುವ ಪದ್ಧತಿ ತಂದಿತು. ಇಲ್ಲಿ ನೋಡಬೇಕಾದದ್ದು ಕೊನೆಯ ಅಂಕವೊಂದನ್ನೇ ಅಲ್ಲ, ಮೊದಲಿನದಕ್ಕೂ ಕೊನೆಯದಕ್ಕೂ ಇರುವ ಅಂತರವನ್ನು. 30 ಅಂಕ ಇದ್ದವರನ್ನು ಆಪರೇಷನ್ ಮಾಡಿ 40ಕ್ಕೆ ತಂದ ಆಸ್ಪತ್ರೆಗಿಂತ, 14 ಇದ್ದವರನ್ನು 36ಕ್ಕೆ ತಂದ ಆಸ್ಪತ್ರೆ ರೋಗಿಗೆ ಹೆಚ್ಚಿನದನ್ನು ಕೊಟ್ಟಿದೆ.

ಆಸ್ಪತ್ರೆಯಲ್ಲಿ ಎಷ್ಟು ದಿನ ಇರಿಸಿಕೊಳ್ಳುತ್ತಾರೆ ಎಂಬುದನ್ನು ಫಲಿತಾಂಶವೆಂದು ಪರಿಗಣಿಸಬೇಡಿ. ಬೇಗ ಕಳುಹಿಸುವುದು ಒಳ್ಳೆಯ ಆರೈಕೆಯ ಗುರುತೂ ಆಗಬಹುದು, ಹಾಸಿಗೆ ಖಾಲಿ ಮಾಡಿಸುವ ಅವಸರವೂ ಆಗಬಹುದು. ಮರುದಾಖಲಾತಿಯ ಲೆಕ್ಕ ಜೊತೆಗಿಲ್ಲದೆ ಆ ಸಂಖ್ಯೆ ಏನನ್ನೂ ಹೇಳುವುದಿಲ್ಲ.

ಎರಡನೆಯ ಹಂತ: ಎಷ್ಟರಲ್ಲಿ ಎಷ್ಟು ಎಂದು ಕೇಳಿ

"ನಮ್ಮಲ್ಲಿ ಈ ವರ್ಷ ಒಬ್ಬರಿಗೂ ಸೋಂಕಾಗಿಲ್ಲ" ಎಂಬ ಮಾತು ಕೇಳಿದಾಗ ಧೈರ್ಯ ಬರುವುದು ಸಹಜ. ಅದರ ಬೆನ್ನಿಗೇ ಕೇಳಬೇಕಾದ ಪ್ರಶ್ನೆ, ಈ ವರ್ಷ ಎಷ್ಟು ಆಪರೇಷನ್ ಮಾಡಿದ್ದೀರಿ ಎಂಬುದು. 40 ಎಂದು ಉತ್ತರ ಬಂತು ಎಂದಿಟ್ಟುಕೊಳ್ಳಿ. ಕೀಲಿನ ಆಳದ ಸೋಂಕು ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಮಂದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಲೆಕ್ಕಕ್ಕೆ ನೂರಕ್ಕೆ ಒಂದೂವರೆ ಎಂದು ಹಿಡಿದರೆ, ಏನೂ ವಿಶೇಷವಿಲ್ಲದ ಸಾಧಾರಣ ಆಸ್ಪತ್ರೆಯಲ್ಲಿಯೂ 40 ಆಪರೇಷನ್ನುಗಳು ಒಂದೂ ಸೋಂಕಿಲ್ಲದೆ ಮುಗಿಯುವ ಸಾಧ್ಯತೆ ನೂರಕ್ಕೆ ಸುಮಾರು 55. ಅಂದರೆ ಆ ಸೊನ್ನೆ ಸಾಧನೆಯೋ ಅದೃಷ್ಟವೋ ಎಂದು ಆ ಸಂಖ್ಯೆಯಿಂದ ಹೇಳಲು ಬರುವುದಿಲ್ಲ.

ಸಂಖ್ಯಾಶಾಸ್ತ್ರಜ್ಞರು ಬಳಸುವ ಒಂದು ಸುಲಭ ಸೂತ್ರವಿದೆ, ಮೂರರ ನಿಯಮ. ಒಂದು ತೊಡಕು ಒಮ್ಮೆಯೂ ಆಗಿಲ್ಲ ಎಂದಾದರೆ, 3ನ್ನು ಆಪರೇಷನ್ನುಗಳ ಸಂಖ್ಯೆಯಿಂದ ಭಾಗಿಸಿ. ನಿಜವಾದ ಪ್ರಮಾಣ ಹೆಚ್ಚೆಂದರೆ ಅಷ್ಟಿರಬಹುದು ಎಂದು ನೂರಕ್ಕೆ 95ರಷ್ಟು ಭರವಸೆಯಿಂದ ಹೇಳಬಹುದು. 40ರಲ್ಲಿ ಸೊನ್ನೆ ಎಂದರೆ ನಿಜವಾದ ಪ್ರಮಾಣ ನೂರಕ್ಕೆ 7.5ರವರೆಗೂ ಇರಬಹುದು. 300ರಲ್ಲಿ ಸೊನ್ನೆ ಎಂದರೆ ನೂರಕ್ಕೆ 1ರವರೆಗೆ. ಎರಡೂ ಕಡೆ ಹೇಳುವ ಮಾತು ಒಂದೇ, "ಒಬ್ಬರಿಗೂ ಆಗಿಲ್ಲ" ಎಂದು. ಆದರೆ ಎರಡನೆಯದಕ್ಕೆ ಇರುವ ತೂಕ ಮೊದಲನೆಯದಕ್ಕೆ ಇಲ್ಲ.

ಇದರ ಇನ್ನೊಂದು ಮುಖವೂ ಇದೆ. 40 ಆಪರೇಷನ್ನುಗಳಲ್ಲಿ ಒಬ್ಬರಿಗೆ ಸೋಂಕಾದರೆ ನೂರಕ್ಕೆ 2.5 ಆಯಿತು, ಇಬ್ಬರಿಗಾದರೆ 5 ಆಯಿತು. ಒಂದೇ ಒಂದು ದುರದೃಷ್ಟದ ಪ್ರಕರಣ ಆ ಚಿಕ್ಕ ಆಸ್ಪತ್ರೆಯನ್ನು ಪಟ್ಟಿಯ ಮೇಲಿನಿಂದ ತಳಕ್ಕೆ ತಳ್ಳಿಬಿಡುತ್ತದೆ. ಆದ್ದರಿಂದಲೇ ಒಂದು ವರ್ಷದ ಪಟ್ಟಿಯಲ್ಲಿ ಅತಿ ಮೇಲೆ ಮತ್ತು ಅತಿ ಕೆಳಗೆ ಚಿಕ್ಕ ಆಸ್ಪತ್ರೆಗಳೇ ತುಂಬಿರುತ್ತವೆ, ಮುಂದಿನ ವರ್ಷ ಅವು ಅದಲು ಬದಲಾಗಿರುತ್ತವೆ. ಒಂದರಿಂದ ಹತ್ತರವರೆಗೆ ಸ್ಥಾನ ಕೊಟ್ಟ ಪಟ್ಟಿ ಎಲ್ಲಿ ಕಂಡರೂ ಅದನ್ನು ಅನುಮಾನದಿಂದಲೇ ಓದಿ. ಮೆಡಿಕೇರ್ ತನ್ನ ಅಂಕಿಗಳನ್ನು ಹಲವು ವರ್ಷ ಒಟ್ಟುಗೂಡಿಸಿ ಪ್ರಕಟಿಸುವುದೂ, 25ಕ್ಕಿಂತ ಕಡಿಮೆ ಪ್ರಕರಣ ಇರುವ ಆಸ್ಪತ್ರೆಯ ದರವನ್ನು ಪ್ರಕಟಿಸದೆ ಇರುವುದೂ ಇದೇ ಕಾರಣಕ್ಕೆ.

ಮೂರನೆಯ ಹಂತ: ಅಲ್ಲಿಗೆ ಯಾವ ರೋಗಿಗಳು ಹೋಗುತ್ತಾರೆ ಎಂದು ನೋಡಿ

ಹೋಲಿಕೆಯಲ್ಲಿ ಜನ ಹೆಚ್ಚು ಮೋಸಹೋಗುವ ಜಾಗ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಎರಡು ಕಾಲ್ಪನಿಕ ಆಸ್ಪತ್ರೆಗಳು, ಎರಡರಲ್ಲೂ 500 ಆಪರೇಷನ್. ಮೊದಲನೆಯದರಲ್ಲಿ 15 ಮಂದಿಗೆ ಗಂಭೀರ ತೊಡಕು, ಅಂದರೆ ನೂರಕ್ಕೆ 3. ಎರಡನೆಯದರಲ್ಲಿ 13 ಮಂದಿಗೆ, ಅಂದರೆ ನೂರಕ್ಕೆ 2.6. ಎರಡನೆಯದೇ ಮೇಲು ಎಂದು ಯಾರಿಗಾದರೂ ಅನಿಸುತ್ತದೆ.

ಈಗ ರೋಗಿಗಳನ್ನು ಎರಡು ಗುಂಪು ಮಾಡಿ. ಮೊದಲ ಆಸ್ಪತ್ರೆಗೆ ಬಂದವರಲ್ಲಿ 300 ಮಂದಿ ಬೇರೆ ಕಾಯಿಲೆ ಇಲ್ಲದವರು, 200 ಮಂದಿ ಸಕ್ಕರೆ ಕಾಯಿಲೆ, ಹೃದ್ರೋಗ, ಅತಿ ತೂಕ ಇಂಥವು ಇದ್ದವರು. ಆರೋಗ್ಯವಂತ 300ರಲ್ಲಿ 3 ಮಂದಿಗೆ ತೊಡಕಾಯಿತು, ನೂರಕ್ಕೆ 1. ಕಾಯಿಲೆ ಇದ್ದ 200ರಲ್ಲಿ 12 ಮಂದಿಗೆ, ನೂರಕ್ಕೆ 6. ಎರಡನೆಯ ಆಸ್ಪತ್ರೆಯಲ್ಲಿ ಆರೋಗ್ಯವಂತರು 450, ಅವರಲ್ಲಿ 9 ಮಂದಿಗೆ ತೊಡಕು, ನೂರಕ್ಕೆ 2. ಕಾಯಿಲೆ ಇದ್ದವರು 50, ಅವರಲ್ಲಿ 4 ಮಂದಿಗೆ, ನೂರಕ್ಕೆ 8. ಎರಡು ಗುಂಪಿನಲ್ಲೂ ಮೊದಲ ಆಸ್ಪತ್ರೆಯೇ ಮೇಲು. ಒಟ್ಟು ಲೆಕ್ಕದಲ್ಲಿ ಅದು ಕೀಳಾಗಿ ಕಂಡದ್ದು ಕಷ್ಟದ ರೋಗಿಗಳನ್ನು ಅದು ತಿರುಗಿ ಕಳುಹಿಸದ ಒಂದೇ ಕಾರಣಕ್ಕೆ.

ಈ ದೋಷವನ್ನು ಸರಿಪಡಿಸಲು ಲೆಕ್ಕಿಗರು 'ನಿರೀಕ್ಷಿತ ಸಂಖ್ಯೆ' ಎಂಬುದನ್ನು ಕಂಡುಹಿಡಿಯುತ್ತಾರೆ. ಇಡೀ ದೇಶದ ಸರಾಸರಿಯಂತೆ ಆರೋಗ್ಯವಂತರಿಗೆ ನೂರಕ್ಕೆ 1.5, ಕಾಯಿಲೆ ಇದ್ದವರಿಗೆ ನೂರಕ್ಕೆ 7 ತೊಡಕು ಎಂದು ಇಟ್ಟುಕೊಂಡರೆ, ಮೊದಲ ಆಸ್ಪತ್ರೆಯಲ್ಲಿ ನಿರೀಕ್ಷಿತ ತೊಡಕು 18.5, ಆದದ್ದು 15. ಎರಡನೆಯದರಲ್ಲಿ ನಿರೀಕ್ಷಿತ 10.25, ಆದದ್ದು 13. ಆದದ್ದನ್ನು ನಿರೀಕ್ಷಿತದಿಂದ ಭಾಗಿಸಿದರೆ ಮೊದಲನೆಯದಕ್ಕೆ 0.81, ಎರಡನೆಯದಕ್ಕೆ 1.27 ಬರುತ್ತದೆ. 1ಕ್ಕಿಂತ ಕಡಿಮೆ ಇದ್ದರೆ ನಿರೀಕ್ಷೆಗಿಂತ ಉತ್ತಮ, ಹೆಚ್ಚಿದ್ದರೆ ನಿರೀಕ್ಷೆಗಿಂತ ಕೀಳು. ಒಂದು ವರದಿಯಲ್ಲಿ ಇಂಥ ಹೊಂದಾಣಿಕೆ ಮಾಡಿದ್ದಾರೆಯೇ ಎಂದು ಮೊದಲು ಹುಡುಕಿ. ಮಾಡಿಲ್ಲವಾದರೆ ಆ ವರದಿಯ ಹೋಲಿಕೆಯನ್ನು ಬದಿಗಿಡಿ.

ಯಾವ ಯಾವ ಅಂಶಗಳಿಗೆ ಹೊಂದಾಣಿಕೆ ಮಾಡಬೇಕು? ವಯಸ್ಸು, ಲಿಂಗ, ತೂಕ, ಸಕ್ಕರೆ ಕಾಯಿಲೆ, ಧೂಮಪಾನ, ಹೃದಯ ಮತ್ತು ಮೂತ್ರಪಿಂಡದ ಸ್ಥಿತಿ, ರುಮಟಾಯ್ಡ್ ಸಂಧಿವಾತ, ಅದೇ ಕೀಲಿಗೆ ಹಿಂದೆ ಆಪರೇಷನ್ ಆಗಿತ್ತೇ ಎಂಬುದು. ಬಿದ್ದು ಸೊಂಟ ಮುರಿದುಕೊಂಡು ತುರ್ತಾಗಿ ಬಂದವರನ್ನು, ಸವೆದ ಕೀಲಿಗೆಂದು ದಿನ ಗೊತ್ತುಮಾಡಿಕೊಂಡು ಬಂದವರ ಜೊತೆ ಒಂದೇ ಲೆಕ್ಕದಲ್ಲಿ ಸೇರಿಸಲೇಬಾರದು. ಹಾಗೆಯೇ ಮೊದಲ ಸಲದ ಬದಲಾವಣೆಯನ್ನೂ ಮರುಶಸ್ತ್ರಚಿಕಿತ್ಸೆಯನ್ನೂ ಬೇರೆಯಾಗಿಡಬೇಕು, ಎರಡನೆಯದರಲ್ಲಿ ತೊಡಕು ಯಾವಾಗಲೂ ಹೆಚ್ಚು. ಬೇರೆಡೆ ಹಾಕಿಸಿಕೊಂಡು ಕೆಟ್ಟ ಕೀಲುಗಳನ್ನು ಸರಿಪಡಿಸುವ ದೊಡ್ಡ ಕೇಂದ್ರವೊಂದು, ಈ ವಿಂಗಡಣೆ ಇಲ್ಲದ ಪಟ್ಟಿಯಲ್ಲಿ, ತಾನು ಮಾಡದ ತಪ್ಪಿನ ಹೊರೆಯನ್ನೂ ಹೊತ್ತು ನಿಂತಿರುತ್ತದೆ.

ನಾಲ್ಕನೆಯ ಹಂತ: ಎಣಿಸಿದವರು ಯಾರು, ಎಲ್ಲಿಯವರೆಗೆ ಎಣಿಸಿದರು?

ಒಂದು ಆಸ್ಪತ್ರೆಯಲ್ಲಿ ಕೀಲು ಹಾಕಿಸಿಕೊಂಡು ಬೇಸತ್ತ ರೋಗಿ ಮರುಶಸ್ತ್ರಚಿಕಿತ್ಸೆಗೆ ಹೆಚ್ಚಾಗಿ ಅಲ್ಲಿಗೆ ಹಿಂದಿರುಗುವುದಿಲ್ಲ. ಬೇರೆ ಆಸ್ಪತ್ರೆಗೆ ಹೋಗುತ್ತಾರೆ. ಮೊದಲಿನ ಆಸ್ಪತ್ರೆಯ ಸ್ವಂತ ದಾಖಲೆಯಲ್ಲಿ ಅವರು ಯಶಸ್ಸಿನ ಲೆಕ್ಕದಲ್ಲೇ ಉಳಿದುಬಿಡುತ್ತಾರೆ. ಆಸ್ಪತ್ರೆ ತಾನೇ ಎಣಿಸಿಕೊಂಡ ಬಾಳಿಕೆಯ ಅಂಕಿಗಳಲ್ಲಿ ಇರುವ ಮುಖ್ಯ ತೂತು ಇದು.

ಇದನ್ನು ಮುಚ್ಚಲು ಹುಟ್ಟಿದ್ದೇ ರಾಷ್ಟ್ರೀಯ ಕೀಲು ರಿಜಿಸ್ಟ್ರಿಗಳು. ದೇಶದಲ್ಲಿ ಎಲ್ಲೇ ಕೀಲು ಹಾಕಲಿ, ಎಲ್ಲೇ ತೆಗೆಯಲಿ, ಅದು ಒಂದೇ ದಾಖಲೆಗೆ ಸೇರುವುದರಿಂದ ಎರಡನೆಯ ಆಪರೇಷನ್ ಯಾವ ಆಸ್ಪತ್ರೆಯಲ್ಲಿ ಆದರೂ ಅದು ಮೊದಲನೆಯ ಆಸ್ಪತ್ರೆಯ ಖಾತೆಗೇ ಬರುತ್ತದೆ. ಸ್ವೀಡನ್ 1975ರಲ್ಲಿ ಮಂಡಿಗೆ, 1979ರಲ್ಲಿ ಸೊಂಟಕ್ಕೆ ರಿಜಿಸ್ಟ್ರಿ ಆರಂಭಿಸಿತು. ನಾರ್ವೆ 1987ರಲ್ಲಿ, ಆಸ್ಟ್ರೇಲಿಯಾ 1999ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್ 2003ರಲ್ಲಿ ಅದೇ ದಾರಿ ಹಿಡಿದವು. ಪ್ರತಿ ರೋಗಿಯನ್ನೂ ಬೆನ್ನುಹತ್ತಿ ಕೊನೆಗೆ ಏನಾಯಿತೆಂದು ನೋಡಬೇಕು, ಅದನ್ನು ಬಹಿರಂಗಪಡಿಸಬೇಕು ಎಂದು ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಹಟ ಹಿಡಿದಿದ್ದರು. ಅದರಿಂದ ಅವರಿಗೆ ಸಹೋದ್ಯೋಗಿಗಳ ಮುನಿಸು ದಕ್ಕಿದ್ದೇ ಹೆಚ್ಚು.

ಮರುಶಸ್ತ್ರಚಿಕಿತ್ಸೆಯ ದರ ಕಡಿಮೆ ಇದೆ ಎಂದ ಮಾತ್ರಕ್ಕೆ ಎಲ್ಲ ಚೆನ್ನಾಗಿದೆ ಎಂದು ತೀರ್ಮಾನಿಸಬೇಡಿ. ಕೆಟ್ಟ ಕೀಲು ಇದ್ದೂ, ವಯಸ್ಸಾಯಿತೆಂದೋ ದೇಹ ತಡೆಯದೆಂದೋ ಮತ್ತೆ ಆಪರೇಷನ್ ಮಾಡದೆ ಬಿಟ್ಟ ರೋಗಿಗಳು ಈ ಅಳತೆಯಲ್ಲಿ ಕಾಣುವುದಿಲ್ಲ. ಇನ್ನೊಂದು ಕಡೆ, ಅರ್ಧ ಮಂಡಿ ಬದಲಾವಣೆಯನ್ನು, ಅಂದರೆ ಮಂಡಿಯ ಒಂದು ಬದಿಯನ್ನು ಮಾತ್ರ ಬದಲಾಯಿಸಿದ್ದನ್ನು, ಪೂರ್ಣ ಬದಲಾವಣೆಯಾಗಿ ಮಾಡುವುದು ಹೋಲಿಕೆಯಲ್ಲಿ ಸುಲಭವಾದ್ದರಿಂದ ವೈದ್ಯರು ಅದಕ್ಕೆ ಬೇಗ ಒಪ್ಪುತ್ತಾರೆ. ಅದರ ದರ ಹೆಚ್ಚಿರಲು ಇದೂ ಒಂದು ಕಾರಣ. ಅರ್ಧ ಮಂಡಿಯ ಆಪರೇಷನ್ ಹೆಚ್ಚು ಮಾಡುವ ಆಸ್ಪತ್ರೆಯನ್ನು ಪೂರ್ಣ ಮಂಡಿ ಮಾತ್ರ ಮಾಡುವ ಆಸ್ಪತ್ರೆಯೊಂದಿಗೆ ಒಂದೇ ಸಂಖ್ಯೆಯಲ್ಲಿ ಹೋಲಿಸಬಾರದು.

ಐದನೆಯ ಹಂತ: ಪ್ರಕಟಿತ ವರದಿಯನ್ನು ಓದುವ ಕ್ರಮ

ರಿಜಿಸ್ಟ್ರಿಗಳ ವರದಿಯಲ್ಲಿ ಆಲಿಕೆಯ ಆಕಾರದ ಒಂದು ಚಿತ್ರ ಕಾಣಸಿಗುತ್ತದೆ. ಅಡ್ಡಗೆರೆಯಲ್ಲಿ ಆಪರೇಷನ್ನುಗಳ ಸಂಖ್ಯೆ, ಲಂಬಗೆರೆಯಲ್ಲಿ ತೊಡಕಿನ ಅಥವಾ ಸಾವಿನ ಪ್ರಮಾಣ, ಒಂದೊಂದು ಚುಕ್ಕೆ ಒಂದೊಂದು ಆಸ್ಪತ್ರೆ. ನಡುವೆ ಸರಾಸರಿಯ ನೇರ ಗೆರೆ, ಅದರ ಮೇಲೂ ಕೆಳಗೂ ಬಾಗಿದ ಮಿತಿಗೆರೆಗಳು. ಎಡಗಡೆ, ಅಂದರೆ ಕಡಿಮೆ ಆಪರೇಷನ್ ಇರುವಲ್ಲಿ ಮಿತಿಗೆರೆಗಳು ದೂರ ದೂರ ಇರುತ್ತವೆ. ಬಲಕ್ಕೆ ಹೋದಂತೆ ಹತ್ತಿರವಾಗುತ್ತವೆ. ಗೆರೆಗಳ ಒಳಗಿರುವ ಚುಕ್ಕೆಗಳ ಏರುಪೇರನ್ನು ಆಕಸ್ಮಿಕವೆಂದು ಬಿಡಬಹುದು. ಹೊರಗೆ ಬಿದ್ದ ಚುಕ್ಕೆಗೆ ಕಾರಣ ಹುಡುಕಬೇಕು. ಮಿತಿಗೆರೆ ನೂರಕ್ಕೆ 95ರದ್ದಾದರೆ, ಎಲ್ಲ ಆಸ್ಪತ್ರೆಗಳೂ ಸಮಾನವಾಗಿ ಒಳ್ಳೆಯವೇ ಆಗಿದ್ದರೂ ಇಪ್ಪತ್ತರಲ್ಲಿ ಒಂದು ಹೊರಗೆ ಬೀಳುತ್ತದೆ. 99.8ರದ್ದಾದರೆ ಐನೂರರಲ್ಲಿ ಒಂದು. ಯಾವ ಗೆರೆಯನ್ನು ದಾಟಿದೆ ಎಂದು ನೋಡದೆ ಒಂದು ಆಸ್ಪತ್ರೆಗೆ ಕೆಟ್ಟ ಹೆಸರು ಕಟ್ಟಬಾರದು.

ಚಿತ್ರದ ಬದಲು ಪದಗಳಲ್ಲಿಯೂ ಇದನ್ನೇ ಹೇಳುವುದುಂಟು. ಅಮೆರಿಕದ ಸಾರ್ವಜನಿಕ ಪಟ್ಟಿಯಲ್ಲಿ ಪ್ರತಿ ಆಸ್ಪತ್ರೆಯ ಮುಂದೆ ರಾಷ್ಟ್ರೀಯ ದರಕ್ಕಿಂತ ಉತ್ತಮ, ಅದಕ್ಕಿಂತ ಭಿನ್ನವಲ್ಲ, ಅದಕ್ಕಿಂತ ಕೀಳು ಎಂಬ ಮೂರರಲ್ಲಿ ಒಂದನ್ನು ಬರೆದಿರುತ್ತಾರೆ. ಬಹುಪಾಲು ಆಸ್ಪತ್ರೆಗಳು 'ಭಿನ್ನವಲ್ಲ' ಎಂಬಲ್ಲಿ ಬರುತ್ತವೆ. ಓದುಗರಿಗೆ ಇದು ನಿರಾಶೆ ಎನಿಸಬಹುದು, ಆದರೆ ಪ್ರಾಮಾಣಿಕ ಉತ್ತರ ಇದೇ: ತುದಿಯಲ್ಲಿರುವ ಕೆಲವನ್ನು ಬಿಟ್ಟರೆ ನಡುವಿನ ಆಸ್ಪತ್ರೆಗಳ ನಡುವೆ ಅಂಕಿಗಳಿಂದ ಮೇಲುಕೀಳು ಹೇಳಲಾಗದು. ಇವೆಲ್ಲ 65 ದಾಟಿದ ಮೆಡಿಕೇರ್ ರೋಗಿಗಳ ಅಂಕಿಗಳು ಎಂಬುದೂ ನೆನಪಿರಲಿ; 50ರ ಆಸುಪಾಸಿನ ರೋಗಿಗೆ ಅವನ್ನು ಹಾಗೆಯೇ ಅನ್ವಯಿಸಲಾಗದು.

ನೀವಿರುವಲ್ಲಿ ಇಂಥ ಪ್ರಕಟಿತ ವರದಿಯೇ ಇಲ್ಲದಿದ್ದರೆ ಮುಂದಿನ ಎರಡು ಹಂತಗಳನ್ನೇ ನೆಚ್ಚಬೇಕಾಗುತ್ತದೆ.

ಆರನೆಯ ಹಂತ: ವ್ಯತ್ಯಾಸ ಹುಟ್ಟುವ ಜಾಗಗಳನ್ನು ನೋಡಿ

ಫಲಿತಾಂಶದ ಅಂಕಿ ಸಿಗದಿದ್ದರೂ, ಫಲಿತಾಂಶವನ್ನು ರೂಪಿಸುವ ಕೆಲಸಗಳು ಕಣ್ಣಿಗೆ ಕಾಣುತ್ತವೆ. ಅವುಗಳಲ್ಲಿ ಮೊದಲನೆಯದು ಕೈಪಳಗಿಕೆ. ಕೆನಡಾದ ಒಂಟಾರಿಯೊದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವರ್ಷಕ್ಕೆ 35ಕ್ಕಿಂತ ಕಡಿಮೆ ಸೊಂಟದ ಕೀಲು ಬದಲಾಯಿಸುವ ಶಸ್ತ್ರವೈದ್ಯರ ರೋಗಿಗಳಲ್ಲಿ ಕೀಲು ಜಾರುವುದೂ ಬೇಗನೆ ಮರುಶಸ್ತ್ರಚಿಕಿತ್ಸೆ ಬೇಕಾಗುವುದೂ ಹೆಚ್ಚು ಎಂದು ಕಂಡುಬಂತು. ಜರ್ಮನಿಯಲ್ಲಿ ಮಂಡಿಯ ಕೀಲು ಬದಲಾಯಿಸುವ ಆಸ್ಪತ್ರೆ ವರ್ಷಕ್ಕೆ ಕನಿಷ್ಠ 50 ಮಾಡಬೇಕೆಂಬ ನಿಯಮವೇ ಇದೆ. ಆದ್ದರಿಂದ ಆಸ್ಪತ್ರೆಯ ಸಂಖ್ಯೆಯನ್ನೂ, ನಿಮಗೆ ಆಪರೇಷನ್ ಮಾಡುವ ವೈದ್ಯರ ಸ್ವಂತ ಸಂಖ್ಯೆಯನ್ನೂ ಪ್ರತ್ಯೇಕವಾಗಿ ಕೇಳಿ. ದೊಡ್ಡ ಆಸ್ಪತ್ರೆಯಲ್ಲಿಯೂ ವರ್ಷಕ್ಕೆ ಹತ್ತೇ ಮಾಡುವವರು ಇರಬಹುದು. ಆದರೆ ಹೆಚ್ಚು ಮಾಡಿದಷ್ಟೂ ಉತ್ತಮ ಎಂಬ ಓಟಕ್ಕೆ ಕೊನೆಯಿಲ್ಲವೆಂದು ತಿಳಿಯಬೇಡಿ. ವಾರಕ್ಕೆ ಎರಡು ಮೂರು ಮಾಡುವವರಿಗೂ ದಿನಕ್ಕೆ ಹತ್ತು ಮಾಡುವವರಿಗೂ ಇರುವ ಅಂತರ, ತಿಂಗಳಿಗೆ ಒಂದು ಮಾಡುವವರಿಗೂ ವಾರಕ್ಕೆ ಎರಡು ಮಾಡುವವರಿಗೂ ಇರುವ ಅಂತರದಷ್ಟು ಮುಖ್ಯವಲ್ಲ.

ಎರಡನೆಯದು ಸೋಂಕು ತಡೆಯುವ ಶಿಸ್ತು. ಆಂಟಿಬಯಾಟಿಕ್ ಇಂಜೆಕ್ಷನ್ ಚರ್ಮ ಕೊಯ್ಯುವುದಕ್ಕೆ ಮುಂಚಿನ 60 ನಿಮಿಷಗಳೊಳಗೆ ದೇಹಕ್ಕೆ ಹೋಗಿರಬೇಕು. ಕೊಯ್ದ ಮೇಲೆ ಕೊಟ್ಟರೆ ಗಾಯದ ಜಾಗಕ್ಕೆ ಔಷಧ ತಲುಪುವ ಮೊದಲೇ ರೋಗಾಣು ತಲುಪಿರುತ್ತದೆ. ಮಂಡಿಯ ಆಪರೇಷನ್ನಿನಲ್ಲಿ ತೊಡೆಗೆ ಬಿಗಿಪಟ್ಟಿ ಕಟ್ಟಿ ರಕ್ತ ನಿಲ್ಲಿಸುವುದಾದರೆ, ಅದನ್ನು ಬಿಗಿಯುವ ಮೊದಲೇ ಔಷಧ ಪೂರ್ತಿ ಹೋಗಿರಬೇಕು, ಇಲ್ಲದಿದ್ದರೆ ಅದು ಮಂಡಿಗೆ ಇಳಿಯುವುದಿಲ್ಲ. ಥಿಯೇಟರಿನ ಗೋಡೆ ಗಡಿಯಾರ ನೋಡಿ ಆ ಸಮಯವನ್ನು ಹಾಳೆಯಲ್ಲಿ ಬರೆಯುವ ನರ್ಸ್ ಇರುವ ಆಸ್ಪತ್ರೆ, ಬರೆಯದ ಆಸ್ಪತ್ರೆಗಿಂತ ಬೇರೆಯದೇ. ಆಪರೇಷನ್ ನಡೆಯುವಾಗ ಬಾಗಿಲು ಎಷ್ಟು ಸಲ ತೆರೆಯುತ್ತದೆ ಎಂಬುದು ಕ್ಷುಲ್ಲಕವಾಗಿ ಕಾಣುತ್ತದೆ, ಆದರೆ ಪ್ರತಿ ಸಲ ತೆರೆದಾಗಲೂ ಒಳಗಿನ ಶುದ್ಧ ಗಾಳಿಯ ಹರಿವು ಕದಡುತ್ತದೆ. ಕೆಲವು ಆಸ್ಪತ್ರೆಗಳು ಮೂಗಿನಲ್ಲಿ ಸ್ಟೆಫಿಲೊಕಾಕಸ್ ಎಂಬ ರೋಗಾಣು ಇದೆಯೇ ಎಂದು ಮೊದಲೇ ಪರೀಕ್ಷಿಸಿ, ಇದ್ದರೆ ಮುಲಾಮು ಹಚ್ಚಿ ತೊಲಗಿಸುತ್ತವೆ.

ಮೂರನೆಯದು ಆಪರೇಷನ್ನಿಗೆ ಮುಂಚಿನ ತಡೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಎಂಟನ್ನು ದಾಟಿದ್ದರೆ, ಹಲ್ಲಿನಲ್ಲಿ ಕೀವಿದ್ದರೆ, ರಕ್ತಹೀನತೆ ಇದ್ದರೆ ದಿನಾಂಕವನ್ನು ಮುಂದಕ್ಕೆ ಹಾಕುವ ಆಸ್ಪತ್ರೆಯ ಮೇಲೆ ಸಿಟ್ಟಾಗಬೇಡಿ. ಬಂದವರನ್ನೆಲ್ಲ ಮರುದಿನವೇ ಮೇಜಿನ ಮೇಲೆ ಮಲಗಿಸುವ ಆಸ್ಪತ್ರೆಯ ಬಗ್ಗೆಯೇ ಯೋಚಿಸಬೇಕು. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಕೊಡುತ್ತಾರೆಯೇ, ಬೆನ್ನಿಗೆ ಅರಿವಳಿಕೆ ಕೊಡುವ ಪದ್ಧತಿ ಇದೆಯೇ, ಆಪರೇಷನ್ ಆದ ದಿನವೇ ಅಥವಾ ಮರುದಿನ ಬೆಳಿಗ್ಗೆ ವಾಕರ್ ಹಿಡಿಸಿ ನಿಲ್ಲಿಸುತ್ತಾರೆಯೇ, ಭಾನುವಾರವೂ ಫಿಸಿಯೋಥೆರಪಿ ಇದೆಯೇ ಎಂಬುವನ್ನೂ ಕೇಳಿ. ರೋಬೋಟ್ ಇದೆಯೇ ಎಂಬುದನ್ನು ನಾನಾಗಿದ್ದರೆ ಈ ಪಟ್ಟಿಯ ತೀರಾ ಕೆಳಗೆ ಇಡುತ್ತೇನೆ.

ಏಳನೆಯ ಹಂತ: ವೈದ್ಯರ ಎದುರು ಕುಳಿತಾಗ

ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ, ಜೊತೆಗೆ ಬರೆದುಕೊಳ್ಳಲು ಒಬ್ಬರು ಇರಲಿ. "ಡಾಕ್ಟ್ರೇ, ನಿಮ್ಮ ಯಶಸ್ಸು ಎಷ್ಟು?" ಎಂದು ಕೇಳಿದರೆ ಬರುವ ಉತ್ತರ ಉಪಯೋಗಕ್ಕೆ ಬಾರದು. ಹೀಗೆ ಕೇಳಿ ನೋಡಿ: "ಕಳೆದ ವರ್ಷ ನೀವು ಇಂಥ ಮಂಡಿ ಆಪರೇಷನ್ ಎಷ್ಟು ಮಾಡಿದ್ದೀರಿ? ಅವರಲ್ಲಿ ಎಷ್ಟು ಮಂದಿಯನ್ನು ಮೂರು ತಿಂಗಳೊಳಗೆ ಮತ್ತೆ ಥಿಯೇಟರಿಗೆ ಕರೆದೊಯ್ಯಬೇಕಾಯಿತು? ಫಾಲೋಅಪ್‌ಗೆ ಬಾರದವರು ಎಷ್ಟು ಮಂದಿ?" ಕೊನೆಯ ಪ್ರಶ್ನೆಗೆ ಸಂಖ್ಯೆಯಲ್ಲಿ ಉತ್ತರ ಬಂದರೆ ಅಲ್ಲಿ ಯಾರೋ ನಿಜವಾಗಿ ಎಣಿಸುತ್ತಿದ್ದಾರೆ ಎಂದು ಅರ್ಥ. ಇನ್ನೂರರಲ್ಲಿ ಮೂರು ಮಂದಿಗೆ ಸೋಂಕಾಯಿತು, ಹದಿನೈದು ಮಂದಿ ಒಂದು ವರ್ಷದ ತಪಾಸಣೆಗೆ ಬರಲಿಲ್ಲ ಎಂದು ತಡವರಿಸದೆ ಹೇಳುವ ವೈದ್ಯರನ್ನು, ಏನೂ ಆಗಿಲ್ಲವೆಂದು ನಗುತ್ತ ಹೇಳುವವರಿಗಿಂತ ಹೆಚ್ಚು ನಂಬಬಹುದು.

ಸೋಂಕಾದರೆ ಮುಂದೇನು ಎಂದೂ ಕೇಳಿ. ರಾತ್ರಿ ಗಾಯ ಕೆಂಪಾಗಿ ಜ್ವರ ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಎಷ್ಟು ಹೊತ್ತಿನಲ್ಲಿ ನೋಡುತ್ತಾರೆ, ಕೀಲು ತೆಗೆಯಬೇಕಾಗಿ ಬಂದರೆ ಅಲ್ಲಿಯೇ ಮಾಡುತ್ತಾರೆಯೇ ಬೇರೆಡೆ ಕಳುಹಿಸುತ್ತಾರೆಯೇ? ಆರಂಭದ ವಾರಗಳಲ್ಲಿ ಸೋಂಕನ್ನು ಬೇಗ ಹಿಡಿದರೆ ಕೀಲನ್ನು ಉಳಿಸಿಕೊಂಡೇ ಒಳಗೆ ತೊಳೆದು ಗುಣಪಡಿಸುವ ಅವಕಾಶ ಇರುತ್ತದೆ; ತಡವಾದಷ್ಟೂ ಅದು ಕೈತಪ್ಪುತ್ತದೆ. ತೊಡಕು ಎರಡು ಆಸ್ಪತ್ರೆಗಳಲ್ಲಿ ಒಂದೇ ಪ್ರಮಾಣದಲ್ಲಿ ಆಗಬಹುದು, ಆದ ಮೇಲೆ ಎಷ್ಟು ಬೇಗ ಕೈಹಾಕುತ್ತಾರೆ ಎಂಬುದರಲ್ಲಿ ಎರಡೂ ಬಹಳ ಬೇರೆಯಾಗಿರಬಹುದು.

ನೀವು ಹೋಗಬಹುದಾದ ಆಸ್ಪತ್ರೆಗಳಲ್ಲಿ ಎರಡು ಮೂರು ಈ ಎಲ್ಲದರಲ್ಲೂ ಸರಿಸಮ ಎನಿಸಿದರೆ ಮನೆಗೆ ಹತ್ತಿರವಿರುವುದನ್ನು ಆರಿಸಿಕೊಳ್ಳಿ. ಹೊಲಿಗೆ ತೆಗೆಸಲು, ಫಿಸಿಯೋಥೆರಪಿಗೆ, ತಪಾಸಣೆಗೆ ಓಡಾಡುವುದು ನೀವೇ, ಅದೂ ವಾಕರ್ ಹಿಡಿದುಕೊಂಡು.

ಕೊನೆಯ ಹಂತ: ನಿಮ್ಮ ಕೀಲಿನ ದಾಖಲೆ ನಿಮ್ಮ ಬಳಿ ಇರಲಿ

ಆಪರೇಷನ್ ಆದ ಮೇಲೆ ಕೃತಕ ಕೀಲಿನ ಪೆಟ್ಟಿಗೆಯಲ್ಲಿದ್ದ ಸ್ಟಿಕರುಗಳನ್ನು ನಿಮ್ಮ ಕಡತದಲ್ಲಿ ಅಂಟಿಸಿರುತ್ತಾರೆ. ತಯಾರಕರ ಹೆಸರು, ಮಾದರಿ, ಅಳತೆ, ಬ್ಯಾಚ್ ಸಂಖ್ಯೆ ಅದರಲ್ಲಿರುತ್ತವೆ. ಡಿಸ್ಚಾರ್ಜ್ ದಿನ ಅದರ ಒಂದು ಪ್ರತಿಯನ್ನು ಕೇಳಿ ಪಡೆಯಿರಿ, ಫೋಟೋ ತೆಗೆದಿಟ್ಟುಕೊಳ್ಳಿ. ಲೋಹಕ್ಕೆ ಲೋಹ ಉಜ್ಜುವ ಬಗೆಯ ಸೊಂಟದ ಕೀಲೊಂದನ್ನು 2010ರ ಆಗಸ್ಟಿನಲ್ಲಿ ಜಗತ್ತಿನಾದ್ಯಂತ ಹಿಂತೆಗೆದುಕೊಂಡಾಗ, ಅದು ಬೇಗ ಕೆಡುತ್ತಿದೆ ಎಂದು ಮೊದಲೇ ತೋರಿಸಿದ್ದು ಆಸ್ಟ್ರೇಲಿಯಾದ ರಿಜಿಸ್ಟ್ರಿ. ಅಂಥ ಸುದ್ದಿ ಬಂದಾಗ ನಿಮ್ಮೊಳಗಿರುವುದು ಅದೇ ಮಾದರಿಯೇ ಅಲ್ಲವೇ ಎಂದು ಆ ಸ್ಟಿಕರ್ ನೋಡಿದ ಕೂಡಲೇ ತಿಳಿಯುತ್ತದೆ.

ಆಪರೇಷನ್ನಿಗೆ ಒಂದು ವಾರ ಮುಂಚೆ ಆಕ್ಸ್‌ಫರ್ಡ್ ಪ್ರಶ್ನಾವಳಿಯಂಥದ್ದನ್ನು ಆಸ್ಪತ್ರೆ ಕೊಟ್ಟರೆ ಅವಸರ ಮಾಡದೆ ತುಂಬಿ, ನಿಮ್ಮ ಅಂಕವನ್ನು ಬರೆದಿಟ್ಟುಕೊಳ್ಳಿ. ಆರು ತಿಂಗಳಿಗೆ, ಒಂದು ವರ್ಷಕ್ಕೆ ಮತ್ತೆ ಪ್ರಶ್ನಾವಳಿ ಬಂದಾಗ, ಕಾಲು ಚೆನ್ನಾಗಿದೆಯಲ್ಲ ಎಂದು ಪಕ್ಕಕ್ಕಿಡದೆ, ಅಥವಾ ಬೇಸರವಾಗಿದ್ದರೆ ಆ ಬೇಸರಕ್ಕೆ ಹರಿದು ಹಾಕದೆ, ತುಂಬಿ ಹಿಂದಿರುಗಿಸಿ. ನಿಮ್ಮ ನಂತರ ಅದೇ ಆಸ್ಪತ್ರೆಯ ಬಾಗಿಲಲ್ಲಿ ನಿಂತು, ಎಷ್ಟರಲ್ಲಿ ಎಷ್ಟು ಎಂದು ಕೇಳುವವರಿಗೆ ಸಿಗುವ ಉತ್ತರದಲ್ಲಿ ನಿಮ್ಮ ಹಾಳೆಯೂ ಒಂದಾಗಿರುತ್ತದೆ.